ಏಣಿ ಕಚೇರಿಯ ಪ್ಲಗಿನ್

ಮನುಕುಲ ಆಗಾಗ ಕೆಲವು ಪ್ರಶ್ನೆಗಳನ್ನು ಮುಖಕ್ಕೆ ಮುಖ ಕೊಟ್ಟು ಎದುರಿಸಲೇಬೇಕಾಗುತ್ತದೆ. ಅಂಥದ್ದೊಂದು ಪ್ರಶ್ನೆ ಆ ವರ್ಷದ ಒಂದು ಸೋಮವಾರ ಹನ್ನೊಂದೂ ಕಾಲಿಗೆ ಏಣಿ ಪರವಾನಗಿ ಕಚೇರಿಯ ಟಪಾಲಿನಲ್ಲಿ ಬಂದು ಬಿತ್ತು. ಬ್ರೌಸರಿನ ಬೆನ್ನಿಗೆ ಅಂಟಿಕೊಂಡು ವಿಡಿಯೊ ಓಡಿಸಿಕೊಡುವ, ತಯಾರಿಸಿದವರೇ ಐದು ವರ್ಷದ ಹಿಂದೆ ಕೈತೊಳೆದುಕೊಂಡಿದ್ದ ಒಂದು ಹಳೆಯ ಪ್ಲಗಿನ್, ಕಂಪ್ಯೂಟರ್ ಬಳಸುವವರಿಗೆ ಇನ್ನೂ ಬೇಕೆ, ಬೇಡವೆ? ಮೂವತ್ತು ದಿನದೊಳಗೆ ತಿಳಿಸತಕ್ಕದ್ದು ಎಂದು ಪ್ರಧಾನ ಕಚೇರಿ ಬರೆದಿತ್ತು. ಕೆಳಗೆ ಮೂರು ಸಹಿಗಳಿದ್ದವು. ಯುದ್ಧ ಸಾರುವುದಕ್ಕೂ ಅಷ್ಟು ಸಹಿ ಬೇಕಾಗಲಿಕ್ಕಿಲ್ಲ.

ಅದೇ ಟಪಾಲಿನಲ್ಲಿ ಇನ್ನೊಂದು ಲಕೋಟೆಯೂ ಇತ್ತು. ಅದಕ್ಕೆ ಒಂದೇ ಸಹಿ. ಕಚೇರಿಯವರೆಲ್ಲ ಕಂಪ್ಯೂಟರಮ್ಮ ಎಂದು ಕರೆಯುವ ಕಂಪ್ಯೂಟರ್ ಆಪರೇಟರನ್ನು ಅವಳ ಕೋರಿಕೆಯ ಮೇರೆಗೆ ಆಚೆ ಊರಿಗೆ ವರ್ಗ ಮಾಡಲಾಗಿದೆ, ಮೂವತ್ತು ದಿನದೊಳಗೆ ಅಲ್ಲಿ ಹಾಜರಾಗದಿದ್ದರೆ ಆದೇಶ ರದ್ದು, ಎಂದು ಅದರಲ್ಲಿತ್ತು. ಆಚೆ ಊರು ಬಸ್ಸಿನಲ್ಲಿ ಎಂಟು ಗಂಟೆಯ ದಾರಿ. ಗಂಡ, ಅತ್ತೆ, ಐದು ವರ್ಷದ ಮಗಳು, ಮೂವರೂ ಅಲ್ಲೇ. ಈ ಕಾಗದಕ್ಕಾಗಿ ಅವಳು ಎರಡು ವರ್ಷದಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು.

ಅವಳು ಲಕೋಟೆ ಹಿಡಿದುಕೊಂಡೇ ಸಾಹೇಬರ ಕೋಣೆಗೆ ಹೋದಳು. ಸಾಹೇಬರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಮದುವೆಗೆ ಜಾತಕ ನೋಡುವವರ ಹಾಗೆ ನೋಡಿದರು.

"ಸಂತೋಷ ಕಣಮ್ಮ. ಹೋಗಿಬಾ. ಆದರೆ ಈ ಪ್ಲಗಿನ್ ಕತೆ ಏನು? ಅದನ್ನ ನಡೆಸೋಕೆ ಬರೋದು ನಿನಗೊಬ್ಬಳಿಗೇ ತಾನೆ?"

"ಬೇಡ ಅಂತ ಬರೆದುಬಿಡೋಣ ಸರ್. ಯಾರಿಗೂ ಬೇಡ."

"ಬೇಡ ಅಂತ ತೀರ್ಮಾನ ಆದ ದಿನವೇ ನಿನ್ನನ್ನ ಬಿಡ್ತೀನಿ. ಅಲ್ಲೀವರೆಗೆ ಹ್ಯಾಗಮ್ಮ ಬಿಡ್ಲಿ? ನೀನು ಹೋದಮೇಲೆ ಏಣಿ ಹತ್ತೋರ ಗತಿ?"

ಇಲ್ಲಿ ಏಣಿ ಹತ್ತುವವರ ಗತಿಯನ್ನು ಸ್ವಲ್ಪ ಹೇಳಬೇಕು. ಬಣ್ಣ ಬಳಿಯುವವರು, ತಂತಿ ಎಳೆಯುವವರು, ಕಿಟಕಿ ಒರೆಸುವವರು, ಒಟ್ಟಿನಲ್ಲಿ ಹೊಟ್ಟೆಪಾಡಿಗಾಗಿ ನೆಲ ಬಿಟ್ಟು ಮೇಲೇರುವ ಯಾರೇ ಆಗಲಿ, ಈ ಕಚೇರಿಗೆ ಬಂದು ಹನ್ನೊಂದು ನಿಮಿಷದ ವಿಡಿಯೊ ನೋಡಿ ಪ್ರಮಾಣಪತ್ರ ಪಡೆಯಬೇಕು. ಮೂವತ್ತು ವರ್ಷ ಏಣಿಯ ಮೇಲೇ ಜೀವ ತೇಯ್ದವರೂ ನೋಡಬೇಕು. ಕಚೇರಿ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ಆದ್ದರಿಂದ ಅಷ್ಟು ಎತ್ತರಕ್ಕೆ ಬಂದು ಮುಟ್ಟಿದವರಿಗೆ ಹತ್ತುವುದನ್ನು ಹೇಳಿಕೊಡುವ ಅಗತ್ಯವೇನೂ ಉಳಿದಿರುತ್ತಿರಲಿಲ್ಲ.

ವಿಡಿಯೊ ಓಡುತ್ತಿದ್ದದ್ದು ಆ ಪ್ಲಗಿನ್‌ನಲ್ಲಿ ಮಾತ್ರ. ಪ್ಲಗಿನ್ ಇದ್ದದ್ದು ಮೂಲೆಕೋಣೆಯ ಒಂದೇ ಒಂದು ಕಂಪ್ಯೂಟರಿನಲ್ಲಿ. ಅದೂ ಸುಮ್ಮನೆ ಓಡುತ್ತಿರಲಿಲ್ಲ. ತಯಾರಿಸಿದವರು ಅಂಗಡಿ ಮುಚ್ಚುವಾಗ, ಇಂಥ ತಾರೀಖಿನ ಮೇಲೆ ಇದು ಕಣ್ಣು ಬಿಡಕೂಡದು ಎಂದು ಅದರ ಕಿವಿಯಲ್ಲಿ ಹೇಳಿ ಹೋಗಿದ್ದರು. ಅದಕ್ಕೆ ಕಂಪ್ಯೂಟರಮ್ಮ ದಿನಾ ಬೆಳಿಗ್ಗೆ ಬಂದವಳೇ ಆ ಕಂಪ್ಯೂಟರಿನ ತಾರೀಖನ್ನು ಆರು ವರ್ಷ ಹಿಂದಕ್ಕೆ ತಳ್ಳುತ್ತಿದ್ದಳು. ಪ್ಲಗಿನ್ ಮೋಸಹೋಗಿ, ತನಗಿನ್ನೂ ಆಯಸ್ಸಿದೆ ಎಂದು ನಂಬಿ, ಎದ್ದು ಕೂರುತ್ತಿತ್ತು.

ಇದರಿಂದ ಒಂದೇ ಒಂದು ತೊಡಕಾಗುತ್ತಿತ್ತು. ಪ್ರಮಾಣಪತ್ರ ಅಚ್ಚಾಗುತ್ತಿದ್ದದ್ದೂ ಅದೇ ಕಂಪ್ಯೂಟರಿನಿಂದ. ಅದರ ವಾಯಿದೆ ಐದು ವರ್ಷ, ಮೇಲಿನ ತಾರೀಖು ಆರು ವರ್ಷ ಹಿಂದಿನದು. ಹೀಗಾಗಿ ಪ್ರತಿ ಪ್ರಮಾಣಪತ್ರವೂ ಮುದ್ರಣಯಂತ್ರದಿಂದ ಹೊರಬರುವಾಗಲೇ ಅವಧಿ ಮುಗಿದು ಒಂದು ವರ್ಷವಾಗಿರುತ್ತಿತ್ತು. ಇದನ್ನು ಸರಿಪಡಿಸುವ ಕೆಲಸ ಹೆಡ್‌ಕ್ಲರ್ಕರದು. ಅವರಿಗೆ ಕಚೇರಿ ಇಟ್ಟ ಹೆಸರು 'ಷರಾ'. ಕಣ್ಣಿಗೆ ಬಿದ್ದ ಯಾವ ಕಾಗದದ ಮೇಲೂ ಒಂದು ಷರಾ ಬರೆಯದೆ ಬಿಟ್ಟವರಲ್ಲ. ಪ್ರತಿ ಪ್ರಮಾಣಪತ್ರದ ಅಂಚಿನಲ್ಲಿ ಅವರು ಹಸಿರು ಶಾಯಿಯಿಂದ "ಮೇಲ್ಕಂಡ ದಸ್ತಾವೇಜು ಜೀವಂತವಿದೆಯೆಂದು ಭಾವಿಸತಕ್ಕದ್ದು" ಎಂದು ಬರೆದು ಸಹಿ ಹಾಕುತ್ತಿದ್ದರು. ಊರಿನ ಪೇಂಟರುಗಳೆಲ್ಲ ಈ ಭಾವನೆಯ ಬಲದಿಂದಲೇ ಏಣಿ ಹತ್ತುತ್ತಿದ್ದರು.

ಕಂಪ್ಯೂಟರಮ್ಮ ಸುಮ್ಮನೆ ಕೂತವಳಲ್ಲ. ಒಮ್ಮೆ ಆ ವಿಡಿಯೊವನ್ನು ಹೊಸ ರೂಪಕ್ಕೆ ಬದಲಾಯಿಸಿ, ಯಾವ ಫೋನಿನಲ್ಲಾದರೂ ಓಡುವ ಹಾಗೆ ಮಾಡಿ ಷರಾ ಅವರ ಮುಂದೆ ಹಿಡಿದಿದ್ದಳು. ಅವರು ಹನ್ನೊಂದು ನಿಮಿಷವೂ ಕಣ್ಣು ಮಿಟುಕಿಸದೆ ನೋಡಿದರು.

"ತುಂಬಾ ಸ್ಪಷ್ಟವಾಗಿದೆಯಮ್ಮ ತಾಯಿ. ಆದರೆ ನಿಯಮದಲ್ಲಿ 'ಪ್ಲಗಿನ್ ಮೂಲಕ' ಅಂತಿದೆ. ಇದರಲ್ಲಿ ನೋಡಿದವನು ಏಣಿಯಿಂದ ಬಿದ್ದರೆ, ಏನೂ ನೋಡದೆ ಬಿದ್ದ ಹಾಗೆ."

ಪ್ರಧಾನ ಕಚೇರಿಯ ಪ್ರಶ್ನೆ ಬಂದ ಮರುದಿನವೇ ಅವಳು ಉತ್ತರ ತುಂಬಲು ಕೂತಳು. ನಮೂನೆ ತೆರೆಯುವುದಕ್ಕೆ ಮೊದಲು ನಿರ್ದೇಶಕರ ಸಂದೇಶ ಕೇಳಬೇಕಿತ್ತು. ಹಳೆಯ ಪ್ಲಗಿನ್‌ಗಳನ್ನು ಇನ್ನೂ ಇಟ್ಟುಕೊಳ್ಳುವುದು ಎಷ್ಟು ಅಪಾಯ ಎಂಬುದರ ಬಗ್ಗೆ ಅವರು ಮೂರು ನಿಮಿಷ ಮಾತಾಡಿದ್ದರು. ಆ ಸಂದೇಶ ಅದೇ ಹಳೆಯ ಪ್ಲಗಿನ್ ಇದ್ದರೆ ಮಾತ್ರ ಓಡುತ್ತಿತ್ತು. ಅವಳು ಮೂಲೆಕೋಣೆಗೆ ಹೋಗಿ, ತಾರೀಖು ಹಿಂದಕ್ಕೆ ತಳ್ಳಿ, ನಿರ್ದೇಶಕರ ಮಾತನ್ನು ಪೂರ್ತಿ ಕೇಳಿ, 'ಬೇಡ' ಎಂಬ ಚೌಕದಲ್ಲಿ ಗುರುತು ಹಾಕಿ ಬಂದಳು. ಆ ಸಂಜೆ ಮನೆಗೆ ಫೋನ್ ಮಾಡಿ, "ಇನ್ನೇನು, ವಾರದೊಳಗೆ ಬಂದೆ" ಅಂದಳು.

ವಾರದ ಮೇಲೆ ಫಲಿತಾಂಶ ಬಂತು. ನೂರ ಹನ್ನೆರಡು ಕಚೇರಿಗಳಲ್ಲಿ ನೂರ ಹನ್ನೊಂದಕ್ಕೆ ನಮೂನೆ ತೆರೆಯಲು ಆಗಿರಲಿಲ್ಲ. ಅವುಗಳಲ್ಲಿ ಪ್ಲಗಿನ್ ಇರಲಿಲ್ಲ. ಉತ್ತರಿಸಿದ ಕಚೇರಿ ಒಂದೇ. 'ಉತ್ತರಿಸಿದ ಎಲ್ಲ ಕಚೇರಿಗಳೂ, ಅಂದರೆ ಶೇಕಡಾ ನೂರರಷ್ಟು, ಪ್ಲಗಿನ್ನನ್ನು ಬಳಸುತ್ತಿರುವುದು ಕಂಡುಬಂದಿದೆ. ಆದ್ದರಿಂದ ಅವಸರ ಬೇಡ. ತಮ್ಮ ಕಚೇರಿಯಲ್ಲೇ ಸಮಿತಿ ರಚಿಸಿ, ಕೂಲಂಕಷವಾಗಿ ಪರಿಶೀಲಿಸಿ, ಅಂತಿಮ ತೀರ್ಮಾನ ಕಳಿಸಿಕೊಡಿ' ಎಂದು ಪತ್ರದಲ್ಲಿತ್ತು. ಪ್ಲಗಿನ್ ಎಂದರೇನು ಎಂಬ ವ್ಯಾಖ್ಯೆಯನ್ನೂ ಲಗತ್ತಿಸಿದ್ದರು.

ಆ ಸಂಜೆ ವಿಡಿಯೊ ಕರೆಯಲ್ಲಿ ಮೊದಲು ಸಿಕ್ಕಿದ್ದು ಅತ್ತೆ.

"ಅಲ್ಲ ಕಣೇ, ಅದ್ಯಾರೇ ಅವನು ಪ್ಲಗಿನ್ನು? ಎರಡು ವರ್ಷದಿಂದ ಅವನ ಹೆಸರೇ ಕೇಳ್ತಿದೀನಿ. ನನ್ನ ಮಗನ ಜೊತೆ ಇದ್ದಿದ್ದಕ್ಕಿಂತ ಅವನ ಜೊತೆ ಇದ್ದಿದ್ದೇ ಜಾಸ್ತಿ ಆಯ್ತಲ್ಲ!"

"ಅತ್ತೆ, ಅದು ಮನುಷ್ಯ ಅಲ್ಲ."

"ನನ್ನ ಮಗನೂ ಹಾಗೇ ಆಗ್ಬಿಟ್ಟಿದಾನೆ, ನೀನಿಲ್ದೆ. ಇರು, ಮಗು ಕೊಡ್ತೀನಿ."

ಮಗಳ ಮುಖ ಪರದೆಯ ತುಂಬ ಬಂತು. ನೆಟ್‌ವರ್ಕ್ ಎಂದಿನಂತೆ ಅರ್ಧಕ್ಕೇ ಕೈಕೊಟ್ಟಿತು. ಚಿತ್ರ ನಿಂತಿತು, ಮಾತು ಮಾತ್ರ ಕೇಳುತ್ತಿತ್ತು.

"ಅಜ್ಜಿ, ಅಮ್ಮ ನಿಂತುಹೋದ್ಲು."

"ಮತ್ತೆ ಬರ್ತಾಳೆ ಬಿಡೇ."

"ಚಾರ್ಜ್ ಆಗಿಲ್ಲ ಅನ್ಸುತ್ತೆ. ಅಮ್ಮನ್ನ ಚಾರ್ಜಿಗೆ ಹಾಕ್ಲಾ?"

ಎರಡು ವರ್ಷದಲ್ಲಿ ಆ ಮಗುವಿಗೆ ಅಮ್ಮ ಎಂದರೆ ಸಂಜೆ ಏಳರಿಂದ ಏಳೂವರೆಯವರೆಗೆ ಹೊತ್ತಿಕೊಳ್ಳುವ, ಆಮೇಲೆ ಗೋಡೆಯ ತೂತಿಗೆ ಸಿಕ್ಕಿಸಿಡಬೇಕಾದ ಒಂದು ವಸ್ತುವಾಗಿಬಿಟ್ಟಿತ್ತು. ಕಂಪ್ಯೂಟರಮ್ಮ ಫೋನನ್ನು ದಿಂಬಿನ ಕೆಳಗಿಟ್ಟಳು. ಆ ಪ್ಲಗಿನ್ನನ್ನು ಕಿತ್ತೆಸೆಯಲು ಎರಡು ಕ್ಲಿಕ್ ಸಾಕು, ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಮೂಲೆಕೋಣೆಯ ಬಾಗಿಲಲ್ಲಿ ದಿನಾ ಏಳೆಂಟು ಜನ ಕೂತಿರುತ್ತಿದ್ದರು. ಪ್ರಮಾಣಪತ್ರವಿಲ್ಲದೆ ಅವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅವರ ಕಾಲ ಕೆಳಗಿನ ಏಣಿ ಕಿತ್ತುಕೊಂಡು ತಾನು ಬಸ್ಸು ಹತ್ತುವುದು ಅವಳಿಂದ ಆಗದು.

ಸಮಿತಿ ರಚನೆಯಾಯಿತು. ಸಾಹೇಬರು ಅಧ್ಯಕ್ಷರು, ಷರಾ ಕಾರ್ಯದರ್ಶಿ, ಕಂಪ್ಯೂಟರಮ್ಮ ತಾಂತ್ರಿಕ ಸದಸ್ಯೆ. ಮೊದಲ ಸಭೆಯಲ್ಲಿ ಸಭೆ ಯಾವಾಗ ಸೇರಬೇಕೆಂದು ತೀರ್ಮಾನಿಸಿದರು. ಎರಡನೆಯದರಲ್ಲಿ ಅದನ್ನು ಮುಂದೂಡಿದರು. ನೋಡನೋಡುತ್ತ ಇಪ್ಪತ್ತೈದನೇ ದಿನ ಬಂತು. ಅಂದು ಗುರುವಾರ.

ಗುರುವಾರ ಬೆಳಿಗ್ಗೆ ಕಂಪ್ಯೂಟರಮ್ಮ ಮೂಲೆಕೋಣೆಯ ಕಂಪ್ಯೂಟರ್ ಹಚ್ಚಿದಾಗ ಒಳಗಿನಿಂದ ಯಾರೋ ಕೆಮ್ಮಿದಂತೆ ಒಂದು ಸದ್ದು ಬಂತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಅವಳು ಬಿಚ್ಚಿ ನೋಡಿದಳು. ಪ್ಲಗಿನ್ ಇದ್ದ ಡಿಸ್ಕೇ ಕೈಕೊಟ್ಟಿತ್ತು. ಹೊಸದಾಗಿ ಇಳಿಸಿಕೊಳ್ಳೋಣವೆಂದರೆ ಆ ಪ್ಲಗಿನ್ ಈಗ ಎಲ್ಲೂ ಸಿಗುವುದಿಲ್ಲ.

ಅವಳು ಓಡಿಕೊಂಡು ಸಾಹೇಬರ ಹತ್ತಿರ ಹೋದಳು. ಮುಖ ಸಪ್ಪಗಿರಲಿ ಎಂದು ಪ್ರಯತ್ನಪಟ್ಟಳು, ಆಗಲಿಲ್ಲ.

"ಸರ್, ಪ್ಲಗಿನ್ ಹೋಯ್ತು. ಇನ್ನು ಬೇಕೋ ಬೇಡವೋ ಅನ್ನೋ ಮಾತೇ ಇಲ್ಲ. ನನ್ನನ್ನ ಬಿಟ್ಟುಬಿಡಿ."

ಸಾಹೇಬರಿಗಿಂತ ಮೊದಲು ಷರಾ ಬಾಯಿ ತೆರೆದರು. "ಇಲ್ಲದೇ ಇರೋದು ಬೇರೆ, ಬೇಡದೇ ಇರೋದು ಬೇರೆ ಅಮ್ಮ. ನಿನ್ನೆವರೆಗೆ ಪ್ಲಗಿನ್ ಇತ್ತು, ಬೇಕಾಗಿತ್ತೋ ಗೊತ್ತಿರಲಿಲ್ಲ. ಇವತ್ತು ಇಲ್ಲ, ಆದ್ದರಿಂದ ಖಂಡಿತ ಬೇಕು."

"ಅದನ್ನ ಹೊಂದಿಸಿಕೊಟ್ಟು ಹೋಗಮ್ಮ" ಅಂದರು ಸಾಹೇಬರು, ದೊಡ್ಡ ಉಪಕಾರ ಮಾಡುವವರಂತೆ.

ಅವಳು ಕಾಲೆಳೆದುಕೊಂಡು ಮೂಲೆಕೋಣೆಗೆ ವಾಪಸು ಬಂದಳು. ಒಳಗೆ ಬೆಂಚಿನ ಮೇಲೆ ಏಳು ಜನ ಕೂತಿದ್ದರು. ಮುಂದೆ ಕೂತವನು ಒಬ್ಬ ಪೇಂಟರ್. ಕಿವಿಯ ಮೇಲೆ ಹಳದಿ ಬಣ್ಣ ಒಣಗಿತ್ತು. ಮುಂದಿನ ಸೋಮವಾರ ಅವನಿಗೊಂದು ನಾಲ್ಕಂತಸ್ತಿನ ಕಟ್ಟಡದ ಕೆಲಸ ಶುರುವಾಗಬೇಕಿತ್ತು.

"ಏನಕ್ಕಾ, ಸಿನಿಮಾ ಇಲ್ವಾ ಇವತ್ತು?" ಅಂದ.

ಕೋಣೆಯ ಮೂಲೆಯಲ್ಲಿ, ಮೇಜಿನ ಪಕ್ಕ, ಅಟೆಂಡರ್ ತನ್ನ ಸ್ಟೂಲಿನ ಮೇಲೆ ಕೂತಿದ್ದ. ಹನ್ನೊಂದು ವರ್ಷದಿಂದ ಅದೇ ಸ್ಟೂಲು. ಎಲ್ಲರೂ ಅವನನ್ನು ಸ್ಟೂಲಣ್ಣ ಎಂದೇ ಕರೆಯುತ್ತಿದ್ದರು. ವಿಡಿಯೊ ಓಡುವಾಗ ದೀಪ ಆರಿಸುವುದು, ಮುಗಿದಾಗ ಹಚ್ಚುವುದು, ನಡುವೆ ಚಹಾ ತರುವುದು ಅವನ ಕೆಲಸ. ದಿನಕ್ಕೆ ನಾಲ್ಕು ಸಲದಂತೆ ಆ ವಿಡಿಯೊ ಅವನ ಮೈಮೇಲೆ ಹಾದುಹೋಗಿತ್ತು. ಪೇಂಟರ್ ಕೇಳಿದ್ದಕ್ಕೆ ಅಭ್ಯಾಸಬಲದಿಂದ ಎದ್ದು ದೀಪ ಆರಿಸಿದ. ಆರಿಸಿದ ಮೇಲೆ ಏನೂ ಶುರುವಾಗಲಿಲ್ಲ. ಕತ್ತಲಲ್ಲಿ ಏಳು ಜನ ಉಸಿರಾಡುವುದು ಕೇಳುತ್ತಿತ್ತು. ಸ್ಟೂಲಣ್ಣನಿಗೆ ಆ ಮೌನ ತಡೆಯಲಾಗಲಿಲ್ಲ.

"ಗೆಳೆಯರೇ," ಎಂದಿತು ಕತ್ತಲಿನಿಂದ ಒಂದು ಗಂಭೀರ ಧ್ವನಿ, "ಏಣಿ ನಮ್ಮ ಮಿತ್ರ. ಆದರೆ ಮಿತ್ರನ ಮೇಲೂ ಒಂದು ಕಣ್ಣಿರಲಿ."

ಕಂಪ್ಯೂಟರಮ್ಮ ಬೆಚ್ಚಿಬಿದ್ದಳು. ಅದು ವಿಡಿಯೊದಲ್ಲಿದ್ದ ನೀಲಿ ಅಂಗಿಯವನ ಧ್ವನಿಯೇ. ಅವಳು ದೀಪ ಹಾಕಿದಳು. ಸ್ಟೂಲಣ್ಣ ಗೋಡೆಗೆ ಒರಗಿಸಿದ್ದ ಕಚೇರಿಯ ಏಣಿಯನ್ನು ಎಳೆದು ನಿಲ್ಲಿಸಿಕೊಂಡಿದ್ದ. "ನಾಲ್ಕಡಿ ಮೇಲಕ್ಕೆ ಒಂದಡಿ ಹೊರಕ್ಕೆ, ಇದು ಬುಡದ ಲೆಕ್ಕ. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಇದು ಹಿಡಿತದ ಲೆಕ್ಕ" ಎನ್ನುತ್ತ ಹತ್ತತೊಡಗಿದ. ಆರನೇ ನಿಮಿಷಕ್ಕೆ, ನಾಲ್ಕನೇ ಮೆಟ್ಟಿಲಿಗೆ ಕಾಲೆತ್ತಿದವನು ಹಾಗೇ ನಿಂತುಬಿಟ್ಟ. ಒಂದು ಕಾಲು ಗಾಳಿಯಲ್ಲಿ. ಬಾಯಿ ಅರ್ಧ ತೆರೆದಿತ್ತು. ಬಲಗೈಯ ತೋರುಬೆರಳು ಮಾತ್ರ ಗಾಳಿಯಲ್ಲಿ ಗುಂಡಗೆ ಸುತ್ತತೊಡಗಿತು.

"ಏನಾಯ್ತಣ್ಣ? ಲಕ್ವಾ ಹೊಡೀತಾ?" ಪೇಂಟರ್ ಎದ್ದುನಿಂತ.

"ಕೂತ್ಕೊಳ್ಳಿ" ಅಂದಳು ಕಂಪ್ಯೂಟರಮ್ಮ. "ವಿಡಿಯೊ ದಿನಾ ಇಲ್ಲೇ ನಿಲ್ಲುತ್ತೆ, ಚಕ್ರ ತಿರುಗುತ್ತೆ. ನಲವತ್ತು ಸೆಕೆಂಡು. ಆಮೇಲೆ ತಾನಾಗೇ ಹೋಗುತ್ತೆ."

ಏಳೂ ಜನ ಮರ್ಯಾದೆಯಿಂದ ಕಾದರು. ನಲವತ್ತನೇ ಸೆಕೆಂಡಿಗೆ ಬೆರಳು ನಿಂತಿತು, ಕಾಲು ಮೆಟ್ಟಿಲ ಮೇಲಿಳಿಯಿತು, ಅರ್ಧಕ್ಕೆ ನಿಂತಿದ್ದ ವಾಕ್ಯ ಮುಂದುವರಿಯಿತು. ಅಷ್ಟರಲ್ಲಿ ಕಂಪ್ಯೂಟರಮ್ಮ ಪ್ರಧಾನ ಕಚೇರಿಯ ಕಡತವನ್ನು ಹುಡುಕಲು ಓಡಿದ್ದಳು.

ಶುಕ್ರವಾರ ಸಮಿತಿಯ ತುರ್ತು ಸಭೆ ಮೂಲೆಕೋಣೆಯಲ್ಲೇ ಸೇರಿತು. ಬೆಂಚಿನ ಮೇಲೆ ಆ ಏಳು ಜನರೂ ಇದ್ದರು.

"ಮನುಷ್ಯನನ್ನ ಪ್ಲಗಿನ್ ಅನ್ನೋಕಾಗುತ್ತೇನಮ್ಮ?" ಅಂದರು ಸಾಹೇಬರು.

ಕಂಪ್ಯೂಟರಮ್ಮ ವ್ಯಾಖ್ಯೆಯನ್ನು ಓದಿದಳು. "'ಪ್ಲಗಿನ್ ಎಂದರೆ, ವಿಡಿಯೊವನ್ನು ಪೂರ್ತಿಯಾಗಿ, ಯಾವ ಬದಲಾವಣೆಯೂ ಇಲ್ಲದೆ, ಅರ್ಜಿದಾರರಿಗೆ ತಲುಪಿಸುವ ಸಲುವಾಗಿ ಕಚೇರಿಯಲ್ಲಿ ಮೊದಲಿನಿಂದಲೂ ಇರುವ ವ್ಯವಸ್ಥೆ.' ಯಂತ್ರ ಅಂತ ಎಲ್ಲಿದೆ ಸರ್? ಮನುಷ್ಯ ಆಗಿರಬಾರದು ಅಂತ ಎಲ್ಲಿದೆ? ಹನ್ನೊಂದು ವರ್ಷದಿಂದ ಸ್ಟೂಲಣ್ಣ ಇಲ್ಲೇ ಇದಾರೆ."

ಸಾಹೇಬರು ಷರಾ ಅವರ ಮುಖ ನೋಡಿದರು. ಷರಾ ಕಾಗದವನ್ನು ಇಸಿದುಕೊಂಡು ಮೂರು ಸಲ ಓದಿದರು, ತಿರುಗಿಸಿ ಖಾಲಿ ಹಿಂಬದಿಯನ್ನೂ ಓದಿದರು. ಕೊನೆಗೆ ಅವರ ಮುಖದಲ್ಲಿ, ಒಳ್ಳೆಯ ಸಂಗೀತ ಕೇಳಿದವರ ಮುಖದಲ್ಲಿ ಮೂಡುವಂಥ ಒಂದು ಕಳೆ ಮೂಡಿತು.

"ಇಲ್ಲ" ಅಂದರು. "ಎಲ್ಲೂ ಇಲ್ಲ. ಆದರೆ 'ಬದಲಾವಣೆಯಿಲ್ಲದೆ' ಅಂತ ಇದೆ. ಪರೀಕ್ಷೆ ಆಗ್ಬೇಕು."

ದೀಪ ಆರಿಸಲು ಸ್ಟೂಲಣ್ಣನೇ ಎದ್ದ. "ನೀನು ಕೂತ್ಕೋ, ಈಗ ನೀನು ಪ್ಲಗಿನ್" ಎಂದು ಸಾಹೇಬರೇ ಹೋಗಿ ಆರಿಸಿದರು. ಕಂಪ್ಯೂಟರಮ್ಮ ಟಾರ್ಚ್ ಹಿಡಿದಳು. ಷರಾ ಕೈಗಡಿಯಾರ ಕಣ್ಣ ಹತ್ತಿರ ಹಿಡಿದು ಕೂತರು. ಸ್ಟೂಲಣ್ಣ ಶುರುಮಾಡಿದ. ಮಿತ್ರ ಬಂದ, ಕಣ್ಣು ಬಂತು, ನಾಲ್ಕಡಿ ಒಂದಡಿ ಬಂತು. ಆರನೇ ನಿಮಿಷಕ್ಕೆ ಬೆರಳು ಸುತ್ತಿತು.

"ಮೂವತ್ತೆಂಟು ಸೆಕೆಂಡು!" ಷರಾ ಕೂಗಿದರು. "ಎರಡು ಕಮ್ಮಿ!"

ಸ್ಟೂಲಣ್ಣ ಏಣಿಯ ಮೇಲಿನಿಂದಲೇ ತನ್ನ ಸ್ವಂತ ಧ್ವನಿಗೆ ಇಳಿದ. "ಸರ್, ಸೋಮವಾರದಿಂದ ಗುರುವಾರ ನಲವತ್ತು. ಶುಕ್ರವಾರ ಮೂವತ್ತೆಂಟೇ. ಬೇಕಾದ್ರೆ ಕಂಪ್ಯೂಟರಮ್ಮನ್ನ ಕೇಳಿ."

"ನಿಜ ಸರ್" ಅಂದಳು ಕಂಪ್ಯೂಟರಮ್ಮ. ಯಾಕೆ ಹಾಗೆ ಎಂದು ಅವಳಿಗೂ ತಿಳಿದಿರಲಿಲ್ಲ.

"ಅಣ್ಣಾ, ಸ್ವಲ್ಪ ಹಿಂದಕ್ಕೆ ಹಾಕಿ" ಅಂದ ಪೇಂಟರ್. "ಆ ಬುಡದ ಲೆಕ್ಕ ಇನ್ನೊಂದು ಸಲ."

ಸ್ಟೂಲಣ್ಣ ತುಟಿಯನ್ನು ಸರಸರ ಆಡಿಸುತ್ತ, ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕಿಳಿದು, ಏಣಿ ಮಡಿಸಿ, ಮತ್ತೆ ಬಿಚ್ಚಿ, ಬುಡದ ಲೆಕ್ಕದಿಂದ ಶುರುಮಾಡಿದ. ಬೆಂಚಿನ ಮೇಲೆ ಚಪ್ಪಾಳೆ ಬಿತ್ತು. ಮೂವತ್ತು ವರ್ಷದಿಂದ ಏಣಿ ಹತ್ತಿದ ಒಬ್ಬ ಕಿಟಕಿ ಒರೆಸುವವನು ಪಕ್ಕದವನ ಕಿವಿಯಲ್ಲಿ, "ಇಷ್ಟು ದಿನ ನನಗೆ ಅರ್ಥವೇ ಆಗಿರಲಿಲ್ಲ ಕಣಯ್ಯ" ಅಂದ.

ಸಾಹೇಬರು ಕಣ್ಣೊರೆಸಿಕೊಂಡರು. "ಷರಾ, ಬರೀರಿ. ಪ್ಲಗಿನ್ ಇದೆ, ಚೆನ್ನಾಗಿದೆ. ನಡೆಸೋಕೆ ಆಪರೇಟರ್ ಬೇಕಿಲ್ಲ. ಕಂಪ್ಯೂಟರಮ್ಮನ್ನ ನಾಳೆ ಬಿಡುಗಡೆ ಮಾಡಿ."

ಷರಾ ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು, ಅವರ ಕಾಲೂ ಗಾಳಿಯಲ್ಲಿದ್ದ ಹಾಗೆ.

"ತಾರೀಖು?" ಅಂದರು.

"ಯಾವ ತಾರೀಖು?"

"ಪ್ಲಗಿನ್ ಈ ವರ್ಷದಲ್ಲಿ ಓಡಲ್ಲ ಸರ್. ಓಡಿದರೆ ಅದು ಆ ಪ್ಲಗಿನ್ನೇ ಅಲ್ಲ. ದಿನಾ ಬೆಳಿಗ್ಗೆ ಇದನ್ನ ಆರು ವರ್ಷ ಹಿಂದಕ್ಕೆ ತಳ್ಳಬೇಕು. ಅದು ಬರೋದು ಇವಳೊಬ್ಬಳಿಗೇ."

ಸಾಹೇಬರು ಸ್ಟೂಲಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಎಲ್ಲಿ ಹಿಡಿದು ತಳ್ಳಬಹುದು ಎನ್ನುವಂತೆ. ಕಂಪ್ಯೂಟರಮ್ಮನ ಕಣ್ಣ ಮುಂದೆ ಗೋಡೆಯ ತೂತೂ ಅದಕ್ಕೆ ಸಿಕ್ಕಿಸಿದ ತಾನೂ ಬಂದು ನಿಂತವು.

ಸ್ಟೂಲಣ್ಣ ಏಣಿಯಿಂದ ಇಳಿದು ಗಂಟಲು ಸರಿಮಾಡಿಕೊಂಡ.

"ಸರ್, ಅದಕ್ಕೆ ಯಾರೂ ಬೇಕಿಲ್ಲ. ನಾನು ಆರು ವರ್ಷದ ಹಿಂದೇನೇ ಇದೀನಿ."

"ಏನಯ್ಯ ಹಾಗಂದ್ರೆ?"

"ನನ್ನ ಸೇವಾ ಪುಸ್ತಕ ಆರು ವರ್ಷದ ಹಿಂದೆ ಬೈಂಡಿಂಗಿಗೆ ಅಂತ ಹೋಯ್ತು. ವಾಪಸ್ ಬಂದಿಲ್ಲ. ಆಮೇಲಿಂದ ನನಗೆ ಬಡ್ತಿ ಬರೆದಿಲ್ಲ, ರಜೆ ಬರೆದಿಲ್ಲ, ವಯಸ್ಸೂ ಬರೆದಿಲ್ಲ. ಕೇಳ್ದಾಗೆಲ್ಲ ಇದೇ ಷರಾ ಸರ್ ಹೇಳಿದಾರೆ, 'ದಾಖಲೆ ಪ್ರಕಾರ ನಿನಗಿನ್ನೂ ಅದೇ ವರ್ಷ ಕಣಯ್ಯ, ಸುಮ್ನಿರು' ಅಂತ. ಸುಮ್ನಿದೀನಿ."

ಷರಾ ಕಡತ ತರಿಸಿ ನೋಡಿದರು. ಹಸಿರು ಶಾಯಿಯಲ್ಲಿ ಅವರದೇ ಆರು ಷರಾಗಳಿದ್ದವು, ವರ್ಷಕ್ಕೊಂದರಂತೆ. ತಮ್ಮ ಷರಾದ ಮೇಲೆ ತಾವೇ ಎದುರು ಮಾತಾಡುವವರು ಅವರಲ್ಲ. ಅವರು ಮೆಲ್ಲಗೆ ತಲೆಯಾಡಿಸಿದರು.

"ಹೊಂದುತ್ತೆ ಸರ್. ಪಕ್ಕಾ ಹೊಂದುತ್ತೆ."

ಮೂಲೆಕೋಣೆಯ ಕಂಪ್ಯೂಟರ್ ಇಲ್ಲದ್ದರಿಂದ ಪ್ರಮಾಣಪತ್ರಗಳನ್ನು ಬೇರೆ ಕಂಪ್ಯೂಟರಿನಲ್ಲಿ ಅಚ್ಚು ಮಾಡಿದರು. ಅವುಗಳ ಮೇಲೆ ಅಂದಿನ ತಾರೀಖೇ ಬಂತು. ಇದು ಷರಾ ಅವರಿಗೆ ಬಹಳ ಅನುಮಾನಾಸ್ಪದವಾಗಿ ಕಂಡಿತು. ಪ್ರತಿಯೊಂದರ ಅಂಚಿನಲ್ಲೂ "ತಾರೀಖು ಸರಿಯಿದೆ, ಗಾಬರಿಯಾಗತಕ್ಕದ್ದಲ್ಲ" ಎಂದು ಬರೆದರು. ಪೇಂಟರ್ ತನ್ನದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಹೋಗುವ ಮೊದಲು ಕೆಳಗಿನ ಅಂಗಡಿಯಿಂದ ಪ್ಲಗಿನ್‌ಗೆ ಒಂದು ಚಹಾ ತಂದುಕೊಟ್ಟ. ಹನ್ನೊಂದು ವರ್ಷದಲ್ಲಿ ಆ ಕಚೇರಿಯಲ್ಲಿ ಸ್ಟೂಲಣ್ಣನಿಗೆ ಬೇರೆಯವರು ಚಹಾ ತಂದುಕೊಟ್ಟದ್ದು ಅದೇ ಮೊದಲು. ಅವನು ಅದನ್ನು ಕುಡಿಯುವಾಗಲೂ ನಡುವೆ ಒಮ್ಮೆ ನಿಂತು ಬೆರಳು ಸುತ್ತಿಸಿದ. ಅದು ತಮಾಷೆಗೋ ಅಭ್ಯಾಸಕ್ಕೋ ಯಾರೂ ಕೇಳಲಿಲ್ಲ.

ಶನಿವಾರ ಸಾಹೇಬರು ಬಿಡುಗಡೆ ಆದೇಶಕ್ಕೆ ಸಹಿ ಹಾಕಿದರು. "ಮೇಲ್ಕಂಡ ಬಿಡುಗಡೆ ನಿಜವಾದದ್ದು" ಎಂದು ಷರಾ ಅಂಚಿನಲ್ಲಿ ಬರೆದರು. ಭಾನುವಾರ ಮಧ್ಯಾಹ್ನ ಕಂಪ್ಯೂಟರಮ್ಮ ಬಸ್ಸಿನಿಂದಿಳಿದಾಗ ಗಂಡ ಪೆಟ್ಟಿಗೆ ಇಳಿಸಿಕೊಂಡ. ಮಗಳು ಸ್ವಲ್ಪ ದೂರವೇ ನಿಂತು, ಆಮೇಲೆ ಹತ್ತಿರ ಬಂದು, ಅಮ್ಮನ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿದಳು.

"ಹೋಗಿದ್ದು ಸಾಕು, ಆ ಪ್ಲಗಿನ್ನಿಗೆ ಏನು ಹೇಳಿಬಂದೆ?" ಅಂದರು ಅತ್ತೆ.

"ಅವರೇ ಬಸ್‌ಸ್ಟ್ಯಾಂಡಿಗೆ ಬಂದು ಹತ್ತಿಸಿಹೋದ್ರು ಅತ್ತೆ."

ಅತ್ತೆ ಆ ದಿನವೆಲ್ಲ ಅವಳನ್ನು ಬೇರೆಯೇ ಕಣ್ಣಿನಿಂದ ನೋಡಿದರು.

ಸಮಿತಿಯ ವರದಿ ಸೋಮವಾರ ಪ್ರಧಾನ ಕಚೇರಿಗೆ ಹೋಯಿತು. ಪ್ಲಗಿನ್ ಇನ್ನೂ ಬೇಕು, ದಾಖಲೆಯ ಪ್ರಕಾರ ಅದರ ನಿವೃತ್ತಿಗೆ ಇನ್ನೂ ಎಂಟು ವರ್ಷವಿದೆ ಎಂದು ಅದರಲ್ಲಿತ್ತು. ಅದೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕಂಪ್ಯೂಟರಮ್ಮ ಹೊಸ ಕಚೇರಿಯಲ್ಲಿ ಹಾಜರಾದಳು.